ದ್ವೀಪದ ಬೀಗರಿಗೆ ಹೊತ್ತು ಹೋಗಬೇಕಲ್ಲ

ಚಪ್ಪರಕ್ಕೆ ಗರಿ ಹೊದಿಸುತ್ತಿದ್ದಾಗ ಬೈಲಪ್ಪ ಬಂದ. ನಮ್ಮ ಕೇರಿಗೆ ಅವನು ಬರುತ್ತಿದ್ದದ್ದು ಚುನಾವಣೆ ಹತ್ತಿರವಾದಾಗ ಮಾತ್ರ. ಆಗಲೂ ಕಾರಿನ ಗಾಜು ಇಳಿಸಿ, ಕೈಮುಗಿದು, ಗಾಜು ಏರಿಸಿಕೊಂಡು ಹೋಗಿಬಿಡುತ್ತಿದ್ದ. ಈ ಸಲ ಇಳಿದ. ಇಳಿದವನು ರಸ್ತೆಯಲ್ಲೇ ನಿಂತ.

“ಎಲ್ಲೋ ದಾಸ, ನಿನ್ ಬಿಳೀ ಬೀಗ್ರು?”

ಅಪ್ಪ ಏಣಿಯಿಂದ ಇಳಿದು, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕಂಕುಳಿಗೆ ಸೇರಿಸಿದ. ಅವನ ಹೆಸರು ದಾಸಯ್ಯ. ಊರಿಗೆ ನೀರು ಬಿಡುವ ಕೆಲಸ ಮಾಡಿ ನಿವೃತ್ತನಾದವನು. ಪೂರ್ತಿ ಹೆಸರು ಮೇಲಿನ ಬೀದಿಯ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ.

“ಮಧುಗಿರಿ ಲಾಡ್ಜಲ್ಲವ್ರೆ ಯಜಮಾನ್ರೇ. ಸಂಜೀಕ್ ಬತ್ತಾರೆ.”

“ಸಂಜೆಗಂಟ ಏನ್ ಮಾಡ್ತಾರೆ? ಫ್ಯಾನ್ ನೋಡ್ಕಂಡ್ ಮಲಗವ್ರಾ? ಅಷ್ಟ್ ದೂರದಿಂದ ಬಂದವ್ರೆ, ಹೊತ್ತು ಹೋಗಬೇಕಲ್ಲೋ ಅವ್ರಿಗೆ.”

ನನ್ನ ತಂಗಿ ಅನುಷಾ ಸ್ಕಾಟ್ಲೆಂಡಿನ ಒಂದು ದ್ವೀಪದ ಸಣ್ಣ ಆಸ್ಪತ್ರೆಯಲ್ಲಿ ನರ್ಸು. ಆ ದ್ವೀಪಕ್ಕೆ ಜನರನ್ನು ಸಾಗಿಸುವ ಹಡಗಿನಲ್ಲಿ ಕೆಲಸ ಮಾಡುವ ಯೂವನ್ ಎಂಬವನನ್ನು ಮೆಚ್ಚಿ, ಜೂನ್ ತಿಂಗಳಲ್ಲಿ ಅಲ್ಲೇ ಮದುವೆಯಾಗಿದ್ದಳು. ನಮಗ್ಯಾರಿಗೂ ವೀಸಾ ಸಿಗಲಿಲ್ಲ. ಹಾಗಾಗಿ ಇಲ್ಲಿ ಇನ್ನೊಂದು ಮದುವೆ: ಬುದ್ಧವಂದನೆ, ಪಂಚಶೀಲ, ಹಾರ, ಮಧ್ಯಾಹ್ನ ಬೀಗರೂಟ. ಯೂವನ್ ಜೊತೆ ಬಂದವರು ಅವನ ತಾಯಿ ಮೋರಗ್ ಮತ್ತು ಸೋದರಮಾವ ಆಂಗಸ್, ಇಬ್ಬರೇ. ಐ.ಡಿ.ಹಳ್ಳಿಯಿಂದಲೂ ಒಳಗಿರುವ ನಮ್ಮೂರಿಗೆ ಬಿಳಿಯರು ಬಂದದ್ದು ಅದೇ ಮೊದಲು. ಸುದ್ದಿ ನಮಗಿಂತ ಮುಂಚೆ ಮೇಲಿನ ಬೀದಿಗೆ ಗೊತ್ತಾಗಿತ್ತು.

ಬೈಲಪ್ಪ ಎಲ್ಲವನ್ನೂ ಯೋಚಿಸಿಕೊಂಡೇ ಬಂದಿದ್ದ. ಇವತ್ತು ಅವನ ಅಳಿಯ ಪ್ರಸನ್ನ ಕುಮಾರ್ ಕಾರಿನಲ್ಲಿ ಬೀಗರಿಗೆ ಮಧುಗಿರಿ ಬೆಟ್ಟ ತೋರಿಸುತ್ತಾನೆ. ಆಮೇಲೆ ಊರ ದೇವಸ್ಥಾನ. ನಾಳೆ ಮದುವೆ ಮುಗಿದ ಮೇಲೆ ಬೀಗರ ಊಟ ಬೈಲಪ್ಪನ ತೋಟದಲ್ಲಿ.

“ಊಟ ಇಲ್ಲೇ ಮಾಡಿಸ್ತೀವಿ,” ಎಂದೆ ನಾನು.

ಬೈಲಪ್ಪ ನನ್ನ ಕಡೆ ನೋಡಲಿಲ್ಲ. “ಇವನಾ ನಿನ್ನ ಎಮ್ಮೆ ಓದಿದ ಮಗ? ಕಾಲೇಜಲ್ಲಿ ಪಾಠ ಹೇಳ್ತಾನಂತೆ. ಊರಿನ ಪದ್ಧತಿ ಗೊತ್ತಿಲ್ವಾ ಅವನಿಗೆ?”

ಪದ್ಧತಿ ನನಗೆ ಗೊತ್ತಿತ್ತು. ಕೇರಿಯಲ್ಲಿ ಮದುವೆಯಾದರೆ ಊರಿನವರ ಊಟ ಬೇರೆ. ಅಕ್ಕಿ, ಬೇಳೆ, ಎಣ್ಣೆ, ಜೀವಂತ ಕುರಿ ಎಲ್ಲವನ್ನೂ ನಾವು ಅವರು ಹೇಳಿದ ಜಾಗಕ್ಕೆ ಮುಟ್ಟಿಸಬೇಕು. ಅಡುಗೆಯವರು ಅವರವರು, ಪಾತ್ರೆ ಅವರದು. ಅವರು ಉಂಡರು ಎಂಬ ಸುದ್ದಿ ಮಾತ್ರ ನಮ್ಮ ಮನೆಗೆ ಬರುತ್ತದೆ. ಈ ಸಲ ಬೀಗರನ್ನೂ ಆ ಕಡೆಯ ಪಂಕ್ತಿಗೆ ಕರೆದುಕೊಂಡಿದ್ದರು, ಅಷ್ಟೇ ಹೊಸದು. ಬಿಳಿಯರ ಪಕ್ಕ ಕೂತು ಉಂಡ ಫೋಟೊ ಬೈಲಪ್ಪನಿಗೆ ಬೇಕಿತ್ತು. ಅದು ನಮ್ಮ ಅಂಗಳದ ಫೋಟೊ ಆಗಬಾರದಿತ್ತು.

ಅಪ್ಪ ತಲೆ ಎತ್ತದೆ ನಿಂತಿದ್ದ. ಆಗ ಬೈಲಪ್ಪ ದನಿ ತಗ್ಗಿಸಿ ಅಂದ: “ನೋಡೋ ದಾಸ. ಊಟ ನನ್ ತೋಟದಾಗೆ. ಬೆಳಿಗ್ಗೆ ನಾನೇ ಖುದ್ದು ನಿನ್ ಚಪ್ಪರದೊಳೀಕೆ ಬಂದು ನಿಂತು, ಹೆಣ್ಣುಗಂಡಿಗೆ ಹೂವು ಹಾಕ್ತೀನಿ. ಯಾರಾದ್ರೂ ಬಂದವ್ರಾ ಇದುವರ್ಗೂ?”

“ಇಲ್ಲ ಯಜಮಾನ್ರೇ.”

“ಮತ್ತೆ?”

“ಆಗ್ಲಿ ಯಜಮಾನ್ರೇ.”

ಕಾರು ಹೋದ ಮೇಲೆ ಅನುಷಾ ಮನೆಯೊಳಗಿಂದ ಬಂದಳು. ಅಮ್ಮ ಹಟಕ್ಕೆ ಬಿದ್ದು ಹಚ್ಚಿದ್ದ ಅರಿಶಿನ ಅವಳ ಕೆನ್ನೆಯಲ್ಲಿ ಒಣಗಿ ಬಿರುಕು ಬಿಟ್ಟಿತ್ತು.

“ನನ್ನ ಅತ್ತೆ ಅವನ ತೋಟದಲ್ಲಿ ಯಾಕೆ ಉಣ್ಬೇಕು? ನಾನೇನು ಅವನ ಮಗಳಾ?”

“ಬುಡವ್ವ, ಒಂದ್ ಒಪ್ಪತ್ತಿನ ಊಟ.”

“ಹಂಗಾದ್ರೆ ನಾನು ಎಲ್ಲಿ ಉಣ್ಲಿ? ಗೇಟಿನ ಹೊರಗಾ?”

ಅಪ್ಪ ಮತ್ತೆ ಏಣಿ ಹತ್ತಿದ. ಮಧ್ಯಾಹ್ನದ ಹೊತ್ತಿಗೆ ಎರಡು ಕುರಿ, ಅಕ್ಕಿ ಮೂಟೆ, ಎಣ್ಣೆ ಡಬ್ಬ ಆಟೊದಲ್ಲಿ ತೋಟಕ್ಕೆ ಹೋದವು.

ಬೀಗರ ಜೊತೆ ಹೋಗೆಂದು ನನ್ನನ್ನು ಕಳಿಸಿದರು. ಮದುಮಗ ಯೂವನ್ ಲಾಡ್ಜಿನಲ್ಲೇ ಉಳಿದ. ಪ್ರಸನ್ನ ಕುಮಾರ್ ಕಾರಿನ ತುಂಬ ಸೆಂಟಿನ ವಾಸನೆ. ದಾರಿಯುದ್ದಕ್ಕೂ ಅವನು ಹಿಂದೆ ತಿರುಗಿ ತಿರುಗಿ ಇಂಗ್ಲಿಷಿನಲ್ಲಿ, “ಏಷ್ಯಾದಲ್ಲೇ ದೊಡ್ಡ ಕಲ್ಲು ಮೇಡಂ,” ಎನ್ನುತ್ತಿದ್ದ. ಮುಂದಿನ ಸೀಟಿನಲ್ಲಿ ಕೂರಲು ಹೋದ ನನ್ನನ್ನು, “ಬ್ಯಾಗ್ ಇದೆ, ಹಿಂದೆ ಕೂತ್ಕೋ,” ಎಂದಿದ್ದ. ಬ್ಯಾಗು ಸೀಟಿನ ಮೇಲೆ ನನಗಿಂತ ಆರಾಮಾಗಿತ್ತು.

ಬೆಟ್ಟವನ್ನು ಬಳಸಿ ಹೋಗುವ ದಾರಿಯಲ್ಲಿ ಕುರಿಮಂದೆಯೊಂದು ಅಡ್ಡ ಬಂತು. ಪ್ರಸನ್ನ ಹಾರ್ನ್ ಒತ್ತಿ ಹಿಡಿದ. ಅಷ್ಟರಲ್ಲಿ ಆಂಗಸ್ ಬಾಗಿಲು ತೆಗೆದು ಇಳಿದೇಬಿಟ್ಟ. ಅವನದೂ ಊರಿನಲ್ಲಿ ಕುರಿಯ ಬದುಕೇ ಅಂತೆ. ಒಂದು ಟಗರನ್ನು ಸೊಂಟಕ್ಕೆ ಒತ್ತಿ ಹಿಡಿದು, ತುಟಿ ಎತ್ತಿ ಹಲ್ಲು ನೋಡಿದ. ಕಂಬಳಿ ಹೊದ್ದ ನಮ್ಮೂರಿನ ಕುರಿಗಾಹಿ ಯತ್ತಪ್ಪ ಓಡಿ ಬಂದ.

“ಲೇ ದೇವರಾಜು, ಯಾರ್ಲಾ ಇವನು? ನನ್ ಟಗರಿನ್ ಬಾಯಿಗೆ ಕೈ ಹಾಕ್ತಾನೆ!”

“ನಮ್ಮ ಬೀಗರು ಕಣಣ್ಣ. ಅವರದೂ ಕುರಿ ಇದಾವಂತೆ.”

“ಹಿಡ್ಕಂಡಿರೋದ್ ನೋಡಿದ್ರೇ ಗೊತ್ತಾತದೆ. ಬಿಸಿಲಿಗೆ ಸುಟ್ಟು ಕೆಂಪಗಾಗವ್ನೆ ಪಾಪ. ಒಂದು ಕಂಬಳಿ ಕೊಡ್ಲಾ ಅಂತ ಕೇಳು.”

ಆಂಗಸ್ ಹೇಳಿದ್ದನ್ನು ನಾನು ಅನುವಾದಿಸಿ, ಯತ್ತಪ್ಪ ನಕ್ಕು, ಅವರಿಬ್ಬರೂ ಬೀಡಿ ಹಚ್ಚುವ ಹಂತಕ್ಕೆ ಬಂದಾಗ ಪ್ರಸನ್ನ ಮತ್ತೆ ಹಾರ್ನ್ ಒತ್ತಿದ. ಆ ದಿನ ಊರಿನವರು ಯಾರಾದರೂ ಹಗೆಯಿಲ್ಲದೆ ಮಾತಾಡಿದ್ದರೆ ಅದು ಅಷ್ಟು ಹೊತ್ತು ಮಾತ್ರ.

ಬೆಟ್ಟದಲ್ಲಿ ಮೊದಲ ಕೋಟೆ ಬಾಗಿಲಿನ ತನಕ ಹತ್ತಿ ಮೋರಗ್ ಕೂತುಬಿಟ್ಟಳು. ಅವಳಿಗೆ ಮಂಡಿ ನೋವು. ಪ್ರಸನ್ನ ಆಂಗಸ್‌ನನ್ನು ನಿಲ್ಲಿಸಿಕೊಂಡು ಫೋಟೊ ತೆಗೆಯುತ್ತಿದ್ದ. ಕಲ್ಲು ಕಾದಿತ್ತು. ಕೆಳಗೆ ಬಸ್‌ಸ್ಟ್ಯಾಂಡು, ಕೋರ್ಟು, ಒಣ ಬಯಲು.  

“ನಿಮ್ಮ ದ್ವೀಪದಲ್ಲಿ ಮದುವೆಗೆ ಬಂದವರು ಏನು ಮಾಡ್ತಾರೆ?” ಎಂದು ಅವಳನ್ನು ಕೇಳಿದೆ.

“ಅವರಿಗೆ ಬೇರೆ ದಾರಿಯೇ ಇಲ್ಲ,” ಎಂದಳು. “ಬಂದ ಹಡಗು ಹೊರಟುಹೋಗುತ್ತದೆ. ಗಾಳಿ ಜೋರಾದರೆ ಮುಂದಿನ ಹಡಗು ಯಾವಾಗಲೋ. ಅಲ್ಲಿಯತನಕ ಇಡೀ ದ್ವೀಪ ಅವರನ್ನು ನೋಡಿಕೊಳ್ಳಬೇಕು. ಬೆಳಿಗ್ಗೆ ದಡದಲ್ಲಿ ನಡೆಸುತ್ತೇವೆ. ನೀರುನಾಯಿ ತೋರಿಸುತ್ತೇವೆ. ನೆಟ್ಟ ಹಳೇ ಕಲ್ಲುಗಳಿವೆ, ಅಲ್ಲಿಗೆ ಕರೆದೊಯ್ಯುತ್ತೇವೆ, ಯಾರಿಗೂ ಅವನ್ನು ಯಾಕೆ ನೆಟ್ಟರೆಂದು ಗೊತ್ತಿಲ್ಲ. ಮಳೆ ಬಂದರೆ ಆಂಗಸ್‌ನ ಕುರಿ ಹಟ್ಟಿಗೆ ಅಟ್ಟಲು ಕಳಿಸುತ್ತೇವೆ. ಸಂಜೆ ಊರಿನ ಹಾಲ್‌ನಲ್ಲಿ ಊಟ, ಕುಣಿತ. ಎಲ್ಲರೂ ಒಂದೊಂದು ಪಾತ್ರೆ ತರುತ್ತಾರೆ.”

“ಎಲ್ಲರೂ?”

“ಜಗಳ ಆಡಿದವರೂ. ಆಂಗಸ್ ಮತ್ತು ನಮ್ಮ ಕಿರಿಯ ತಮ್ಮ ಬೇಲಿಯ ವಿಷಯಕ್ಕೆ ಮಾತು ಬಿಟ್ಟು ಯಾವ ಕಾಲವಾಯಿತೋ. ಯೂವನ್ ಮದುವೆಯಲ್ಲಿ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತು ಒಂದೇ ಸೂಪು ಕುಡಿದರು. ಏನು ಮಾಡೋದು, ನಮಗಿರೋದು ಒಂದೇ ಹಾಲ್.” ಆಮೇಲೆ ಕೇಳಿದಳು, “ನಾಳೆ ನಮ್ಮ ಊಟ ಎಲ್ಲೋ ತೋಟದಲ್ಲಿ ಎಂದ ಈ ಹುಡುಗ. ನಿಮ್ಮ ತಂದೆ ತಾಯಿ ಅಲ್ಲಿಗೆ ಬರುತ್ತಾರೆ ತಾನೆ?”

ಪ್ರಸನ್ನ ಹತ್ತಿರ ಬರುತ್ತಿದ್ದ. ನಾನು ಬಸ್‌ಸ್ಟ್ಯಾಂಡಿನ ಕಡೆ ನೋಡಿದೆ. “ಅವರಿಗೆ ಕೆಲಸ ಇರುತ್ತೆ ಮೇಡಂ, ಬಿಜಿ,” ಎಂದು ಪ್ರಸನ್ನನೇ ಉತ್ತರ ಕೊಟ್ಟ.

ಊರ ದೇವಸ್ಥಾನದ ಮುಂದೆ ಬೈಲಪ್ಪ ಹಾರ ಹಿಡಿದು ಕಾಯುತ್ತಿದ್ದ. ನಾಲ್ಕಾರು ಹಿರಿಯರು, ಹತ್ತಾರು ಮೊಬೈಲುಗಳು. ದ್ವೀಪದಿಂದ ಬಂದು ಎರಡು ದಿನವೂ ಆಗದವರು ಚಪ್ಪಲಿ ಬಿಟ್ಟು, ಹಾರ ಹಾಕಿಸಿಕೊಂಡು, ಮೆಟ್ಟಿಲು ಹತ್ತಿದರು. ಬೇವಿನ ಮರದ ನೆರಳು ಎಲ್ಲಿಗೆ ಮುಗಿಯುತ್ತದೋ ಅಲ್ಲಿ ನಾನು ನಿಂತೆ. ಯಾರೂ ತಡೆಯಲಿಲ್ಲ. ತಡೆಯುವ ಕೆಲಸವನ್ನು ಅವರು ಯಾವತ್ತೋ ನನ್ನ ಕಾಲಿಗೇ ವಹಿಸಿಕೊಟ್ಟಿದ್ದರು.

ಮೋರಗ್ ಹಿಂದಿರುಗಿ ನೋಡಿದಳು. “ನೀನು ಬರುವುದಿಲ್ಲವೇ?”

“ನಾವು ಬೌದ್ಧರು,” ಎಂದೆ.

“ಹೌದು ಮೇಡಂ, ಬುದ್ಧಿಸ್ಟ್, ಬುದ್ಧಿಸ್ಟ್,” ಎಂದ ಪ್ರಸನ್ನ. ಅವನ ಮುಖದಲ್ಲಿ ನಿರಾಳ ಕಂಡಿತು. ನಾನು ಹೇಳಿದ್ದು ಸುಳ್ಳಲ್ಲ. ಅಪ್ಪ ದೀಕ್ಷೆ ಪಡೆದವನು, ನಮ್ಮ ಮನೆಯಲ್ಲಿ ಬುದ್ಧನ ಪಟವಿದೆ. ಆದರೆ ನಾನು ಅಲ್ಲಿ ನಿಂತದ್ದು ಅದಕ್ಕಲ್ಲ. ಒಂದು ನಿಜವನ್ನು ಇನ್ನೊಂದು ನಿಜಕ್ಕೆ ಬಾಗಿಲು ಮಾಡಿ ಮುಚ್ಚಿದ್ದೆ.

ಅವಳು ಹಣೆಗೆ ಕುಂಕುಮ ಇಡಿಸಿಕೊಂಡು ಬಂದು ಕಾರಿನಲ್ಲಿ ಕೂತಳು. ಕೇರಿಯ ತಿರುವಿನಲ್ಲಿ, “ಬೌದ್ಧರು ಒಳಗೆ ಹೋಗಬಾರದೆಂದು ನಿಯಮವಿದೆಯೇ?” ಎಂದಳು.

“ಇಲ್ಲ.”

“ಮತ್ತೆ?”

ಹೇಳಿದೆ. ದೇವಸ್ಥಾನ, ತೋಟ, ಬೇರೆ ಅಡುಗೆ, ಇವತ್ತು ಬೆಳಿಗ್ಗೆವರೆಗೆ ನಮ್ಮ ಮನೆ ಹಿಂದೆ ಕಟ್ಟಿದ್ದ ಎರಡು ಕುರಿ. ಪ್ರಸನ್ನನಿಗೆ ಕೇಳಿಸುವಂತೆಯೇ ಹೇಳಿದೆ. ಅವನು ಕನ್ನಡದಲ್ಲಿ, “ಲೇ, ಫಾರಿನ್‌ನೋರ ಮುಂದೆ ಊರಿನ್ ಮಾನ ಕಳೀತಿದೀಯಲ್ಲ, ಅನ್ನ ತಿಂತೀಯೋ ಏನ್ ತಿಂತೀಯೋ,” ಎಂದ. ಇಂಗ್ಲಿಷಿನಲ್ಲಿ, “ಅದೆಲ್ಲ ಹಳೇ ಕಾಲ ಮೇಡಂ,” ಎಂದ.

ಮೋರಗ್ ಅವನನ್ನು ಬಿಟ್ಟು ನನ್ನನ್ನು ಕೇಳಿದಳು: “ನಿಮ್ಮ ತಂದೆಗೆ ಏನು ಬೇಕು?”

ಅದು ನನಗೆ ಗೊತ್ತಿರಲಿಲ್ಲ. ಬೈಲಪ್ಪನಿಗೆ ಏನು ಬೇಕೆಂದು ಗೊತ್ತಿತ್ತು, ಅನುಷಾಳದ್ದು ಗೊತ್ತಿತ್ತು. ಅಪ್ಪನದು ಹೆದರಿಕೆ ಎಂದುಕೊಂಡು ಅಲ್ಲಿಗೇ ಬಿಟ್ಟಿದ್ದೆ.

ಸಂಜೆ ಬೀಗರು ಕಾಫಿ ಕುಡಿದು ಲಾಡ್ಜಿಗೆ ಮರಳಿದ ಮೇಲೆ, ಮೋರಗ್ ಹೇಳಿದ ಹಡಗು, ಒಂದೇ ಹಾಲ್‌ನ ಮಾತನ್ನೆಲ್ಲ ಅಪ್ಪನಿಗೆ ಹೇಳಿ, ಅವನಿಗೆ ಏನು ಬೇಕೆಂದು ಕೇಳಿದೆ. ಅವನು ಚಪ್ಪರದ ಗಳಕ್ಕೆ ಮಾವಿನ ತೋರಣ ಬಿಗಿಯುತ್ತಿದ್ದ.

“ಅವರ ಬಾಗಿಲ ಮುಂದ್ಲ ನೀರಿನ ವಾಲು ತಿರುಗಿಸ್ದೋನು ನಾನು ಕಣ್ಲಾ,” ಎಂದ. “ಬಾಯಾರ್ದಾಗ ಬೊಗಸೆ ಒಡ್ಡಿದ್ರೆ ಮೇಲಿಂದ ಉಯ್ಯೋರು. ನಾನು ಬಿಟ್ಟ ನೀರೇ. ಒಂದ್ಸಲ, ಒಂದೇ ಒಂದ್ಸಲ ಆ ಬೈಲಪ್ಪ ನನ್ ಚಪ್ಪರದಾಗೆ ಬಂದು ನಿಂತ್ಕಂಬೇಕು. ನಾನು ಕಟ್ಟಿದ ನೆರಳಾಗೆ. ಅದಕ್ಕೆ ಏನ್ ಕೇಳಿದ್ರೂ ಕೊಡ್ತೀನಿ. ಊಟ ಕೇಳ್ದ, ಕೊಟ್ಟೆ.”

ಅಮ್ಮ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು. “ನಿನ್ ನೆರಳು ಉಪ್ಪಾಕ್ಕಂಡ್ ನೆಕ್ಕು,” ಎಂದಳು. ನಮ್ಮಮ್ಮ ಚಿಕ್ಕಹನುಮಕ್ಕ ಎಂದರೆ ಕೇರಿಯಲ್ಲಿ ಎಲ್ಲರಿಗೂ ಅವಳ ಬಾಯಿಯದೇ ಭಯ. “ಬೀಗಿತ್ತಿ ನನ್ ಮನೇಲಿ ಒಂದ್ ತುತ್ತು ಉಣ್ಣದೆ ಹೋದ್ರೆ ನನ್ ಮಗಳು ಯಾರ ಮನೆ ಸೊಸೆಯಾದಂಗಾತು? ನಾನಂತೂ ನಾಳೆ ಒಲೆ ಹಚ್ತೀನಿ. ಉಣ್ಣೋರಿಲ್ದಿದ್ರೆ ನಾಯಿಗಾಕ್ತೀನಿ.”

“ಹಚ್ಚು. ಯಾರ್ ಬ್ಯಾಡಂದ್ರು?”

“ಕುರಿ ಕಳ್ಸಿದ್ಯಲ್ಲ, ಏನ್ ಬೇಯಿಸ್ಲಿ? ನಿನ್ ತೋರಣನಾ?”

ಅಪ್ಪ ನಕ್ಕ. ಆದರೆ ತೋರಣ ಬಿಗಿಯುವುದನ್ನು ನಿಲ್ಲಿಸಲಿಲ್ಲ. ಬೈಲಪ್ಪ ಚಪ್ಪರದೊಳಗೆ ಕಾಲಿಟ್ಟರೆ ನಾನು ಬಾಯಿ ಬಿಡುವುದಿಲ್ಲ ಎಂದು ಆಗ ನಿಶ್ಚಯಿಸಿದೆ. ಅಪ್ಪ ಮಾಡಿಕೊಂಡ ವ್ಯಾಪಾರ ಅಪ್ಪನದು.

ಮದುವೆ ಚಿಕ್ಕದಾಗಿ ನಡೆಯಿತು. ಬಿಳಿ ಸೀರೆಯ ಅನುಷಾ, ಬಿಳಿ ಪಂಚೆ ಜಾರಿಸಿಕೊಳ್ಳುತ್ತ ನಿಂತ ಯೂವನ್, ಬುದ್ಧ ಮತ್ತು ಬಾಬಾಸಾಹೇಬರ ಪಟ. ತುಮಕೂರಿನಿಂದ ಬಂದಿದ್ದ ಉಪಾಸಕರು ತ್ರಿಶರಣ ಹೇಳಿಸುತ್ತಿದ್ದಾಗ ರಸ್ತೆಯಲ್ಲಿ ಕಾರುಗಳು ನಿಂತವು. ಬೈಲಪ್ಪ ಬಿಳಿ ಅಂಗಿ ತೊಟ್ಟು, ಹೆಗಲ ಮೇಲೆ ಶಾಲು ಹಾಕಿಕೊಂಡು ಬಂದಿದ್ದ. ಕೇರಿಯವರು ಎದ್ದು ದಾರಿ ಬಿಟ್ಟರು. ಚಪ್ಪರದ ನೆರಳು ರಸ್ತೆಯ ಪಕ್ಕದ ಚರಂಡಿ ಕಲ್ಲಿನ ತನಕ ಬಿದ್ದಿತ್ತು. ಬೈಲಪ್ಪ ಆ ಕಲ್ಲಿನ ಆಚೆ ನಿಂತ.

ಅಪ್ಪ ಕೈಮುಗಿದು ಅವನ ಹತ್ತಿರ ಹೋದ. “ಒಳೀಕ್ ಬನ್ನಿ ಯಜಮಾನ್ರೇ. ಹೂವ ಹಾಕೋ ಹೊತ್ತಾತು.”

“ಇಲ್ಲಿಂದ್ಲೇ ಹಾಕ್ತೀನಿ ಬುಡು. ಕಾಲು ನೋವು.”

ಪ್ರಸನ್ನ ಮಾತ್ರ ಒಳಗೆ ಬಂದು ತಟ್ಟೆಯಿಂದ ಒಂದು ಹಿಡಿ ಹೂವು ಕೊಂಡೊಯ್ದು ಮಾವನ ಕೈಗೆ ಸುರಿದ. ಎಲ್ಲರೂ ಹೂವು ಹಾಕಿದಾಗ ಬೈಲಪ್ಪನೂ ಎಸೆದ. ಅವನ ಹೂವು ಚರಂಡಿಯ ಕಲ್ಲಿನ ಮೇಲೆ ಬಿದ್ದಿತು. ಒಂದೆರಡು ಎಸಳು ನೀರಿಗೂ ಬಿದ್ದವು. ಅಪ್ಪ ಅದನ್ನು ನೋಡಿದ. ನಾನು ಅಪ್ಪನನ್ನು ನೋಡಿದೆ.

“ಮಾತು ಒಳೀಕ್ ಬತ್ತೀನಿ ಅಂತ ಇತ್ತು,” ಎಂದ ಅಪ್ಪ. ದನಿ ಏರಿರಲಿಲ್ಲ.

“ಬಂದೆನಲ್ಲೋ. ನಿನ್ ಮನೆ ಬಾಗ್ಲಿಗೆ ಬಂದಿಲ್ವಾ? ಇನ್ನೇನ್ ನಡುಮನೇಲಿ ಮಲಗ್ಲಾ?” ಅವನ ಹಿಂದಿದ್ದವರು ನಕ್ಕರು. “ಕಳ್ಸು ಬೀಗ್ರನ್ನ. ಸಾರು ಆರೋಯ್ತದೆ.”

ವಾಲಗ ನಿಂತಿತ್ತು. ನಾನು ಒಂದು ಹೆಜ್ಜೆ ಮುಂದಿಟ್ಟೆ. ಅಪ್ಪ ನನ್ನ ಕಡೆ ಒಮ್ಮೆ ನೋಡಿದ. ಸುಮ್ಮನಿರು ಎನ್ನುವಂತೆ ನೋಡಿದ್ದಲ್ಲ, ಇದು ನಂದು ಎನ್ನುವಂತೆ. ಆಮೇಲೆ ಮನೆಯ ಕಡೆ ತಿರುಗಿ ಕೂಗಿದ:

“ಲೇ ಇವಳೇ, ಎಲೆ ಹಾಕ್ಸು!”

ಅಮ್ಮ ಕೈಯಲ್ಲಿ ಸೌಟು ಹಿಡಿದೇ ಹೊರಗೆ ಬಂದಳು. ಅಪ್ಪ ಬೈಲಪ್ಪನಿಗೆ ಮತ್ತೆ ಕೈಮುಗಿದ.

“ಬೀಗ್ರು ಇಲ್ಲೇ ಉಣ್ತಾರೆ ಯಜಮಾನ್ರೇ. ಮೊದಲ್ನೇ ಸಾಲಲ್ಲಿ ನಿಮಗೂ ಒಂದ್ ಎಲೆ ಹಾಕ್ಸಿರ್ತೀನಿ. ಕಾಲು ನೋವು ಕಮ್ಮಿಯಾದಾಗ ಬನ್ನಿ.”

ಅಷ್ಟು ಮರ್ಯಾದೆಯಿಂದ ಯಾರಾದರೂ ಯಾರಿಗಾದರೂ ಹೊಡೆದದ್ದನ್ನು ನಾನು ಕಂಡಿರಲಿಲ್ಲ. ಬೈಲಪ್ಪನ ಹಿಂದಿನ ನಗು ನಿಂತುಹೋಯಿತು. ಅವನು ಶಾಲನ್ನು ಹೆಗಲ ಮೇಲೆ ಸರಿಮಾಡಿಕೊಂಡ.

“ಇವರು ಸೋಮವಾರ ವಿಮಾನ ಹತ್ತುತಾರೆ ಕಣೋ ದಾಸ. ನೀನು ಇಲ್ಲೇ ಇರ್ಬೇಕು.”

“ಇರ್ತೀನಿ.”

ಪ್ರಸನ್ನ ಮೋರಗ್ ಹತ್ತಿರ ಹೋಗಿ ಕಾರು ಸಿದ್ಧವಿದೆ ಎಂದ. ಅವಳು ನನ್ನತ್ತ ನೋಡಿದಳು. “ಅಪ್ಪ ನಿಮ್ಮನ್ನು ಇಲ್ಲೇ ಊಟಕ್ಕೆ ಕರೆಯುತ್ತಿದ್ದಾನೆ,” ಎಂದೆ. ಅವಳು ಸರಿಯೆಂದು ತಲೆಯಾಡಿಸಿದಳು. ಆಂಗಸ್ ಆಗಲೇ ಜಮಖಾನದ ಮೇಲೆ ಕೂತು, ಬಾಳೆ ಎಲೆಗೆ ನೀರು ಚಿಮುಕಿಸುವುದು ಹೇಗೆಂದು ಪಕ್ಕದವನಿಂದ ಕಲಿಯುತ್ತಿದ್ದ. ಕಾರುಗಳು ಖಾಲಿಯಾಗಿ ತಿರುಗಿಕೊಂಡು ಹೋದವು. ಅವುಗಳ ಧೂಳು ಎಲೆಗಳ ಮೇಲೆ ಕೂರದಂತೆ ಹೆಂಗಸರು ಸೆರಗು ಅಡ್ಡ ಹಿಡಿದರು.

ನಮ್ಮ ಕುರಿಗಳು ತೋಟದಲ್ಲಿ ಬೇಯುತ್ತಿದ್ದವು. ನಮ್ಮ ಎಲೆಗೆ ಬಂದದ್ದು ಮುದ್ದೆ, ಹುರುಳಿಕಾಳು ಸಾರು, ಅನ್ನ, ಮಜ್ಜಿಗೆ. ಬಾಡಿಲ್ಲದ ಬೀಗರೂಟ ಕೇರಿಯಲ್ಲಿ ನಡೆದದ್ದು ಅದೇ ಮೊದಲಿರಬೇಕು. ಅಮ್ಮನ ಮುಖ ಅವಮಾನದಿಂದ ಕಪ್ಪಿಟ್ಟಿತ್ತು. ಸಾಲಿನ ಕೊನೆಯಿಂದ ಕೇರಿಯ ಚಿಕ್ಕಹನುಮಯ್ಯ ಕೂಗಿದ, “ಪ್ರಾಣಿ ಕೊಲ್ಲಲ್ಲ ಅಂತ ಈಗ್ತಾನೇ ಪಂಚಶೀಲ ಹೇಳಿದೀವಿ, ಸರಿಯಾಗೇ ಆತು ಬುಡಕ್ಕ!” ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ಮೋರಗ್ ಮುದ್ದೆಯನ್ನು ಅಗಿಯಲು ನೋಡಿದಳು. ಅನುಷಾ ಅವಳ ಪಕ್ಕ ಕೂತು, ಬೆರಳಿನಿಂದ ಚೂರು ಮಾಡಿ, ಸಾರಿನಲ್ಲಿ ಅದ್ದಿ, ನುಂಗಿ ತೋರಿಸಿದಳು.

ಮೊದಲ ಸಾಲಿನ ನಡುವೆ ಒಂದು ಎಲೆ ಖಾಲಿ ಇತ್ತು. ಅಪ್ಪ ಹೇಳಿದ ಹಾಗೇ ಹಾಕಿಸಿದ್ದ. ಅದರ ಮುಂದೆ ನಿಂತು ರಸ್ತೆ ನೋಡುತ್ತಿದ್ದ. ಅವನು ನಿಜವಾಗಿಯೂ ಕಾಯುತ್ತಿದ್ದ ಎಂದು ನನಗೆ ಅರ್ಥವಾದದ್ದು ಆಗ. ಬೈಲಪ್ಪ ಹಿಂದಿರುಗಿ ಬಂದಿದ್ದರೆ ಅಪ್ಪ ಸಂತೋಷದಿಂದಲೇ ಬಡಿಸುತ್ತಿದ್ದ. ಅದು ನನ್ನ ಸಿಟ್ಟಿಗೆ ಎಟುಕದ ಜಾಗ.

ಉಂಡವರು ಕೈ ತೊಳೆಯಲು ಏಳುವ ಹೊತ್ತಿಗೆ ನಲ್ಲಿಯಲ್ಲಿ ಗಾಳಿಯ ಸದ್ದು ಬಂತು. ಎರಡು ಹನಿ ಬಿದ್ದು ನಿಂತಿತು. ಬಡಿಸುತ್ತಿದ್ದ ಹೆಂಗಸರು ಮನೆ ಮನೆಯ ನಲ್ಲಿ ತಿರುಗಿಸಿ ನೋಡಿದರು. ಕೇರಿಗೆಲ್ಲ ನೀರು ನಿಂತಿತ್ತು. ಮೇಲಿನ ಬೀದಿಯ ನೀರಿನ ತೊಂಬೆ ತುಂಬಿ ಹರಿಯುವುದು ನಾವಿದ್ದಲ್ಲಿಗೇ ಕಾಣುತ್ತಿತ್ತು.

“ಶುರು ಮಾಡ್ದ,” ಎಂದಳು ಅಮ್ಮ.

ಸಾಲಿನಿಂದ ಯಾರೂ ಏಳಲಿಲ್ಲ. ಸಾರು ಮೆತ್ತಿದ ಕೈಗಳನ್ನು ಮಂಡಿಯ ಮೇಲೆ ಇಟ್ಟುಕೊಂಡು ಎಲ್ಲರೂ ಅಪ್ಪನ ಕಡೆ ನೋಡಿದರು. ದ್ವೀಪದವರೂ ನೋಡಿದರು. ನಮ್ಮಲ್ಲಿ ಹೆಣ್ಣಿನ ತಂದೆ ಬೀಗರು ಕೈ ತೊಳೆದು ಎದ್ದ ಮೇಲೇ ಉಣ್ಣುವುದು. ಬೆಳಿಗ್ಗೆಯಿಂದ ಅವನ ಹೊಟ್ಟೆಗೆ ನೀರೂ ಬಿದ್ದಿರಲಿಲ್ಲ. ಅಪ್ಪ ರಸ್ತೆಯಿಂದ ಕಣ್ಣು ತೆಗೆದ. ಖಾಲಿ ಎಲೆಯ ಮುಂದೆ, ಮೋರಗ್‌ಳ ಎದುರಿಗೆ, ಚಕ್ಕಳಮಕ್ಕಳ ಹಾಕಿ ಕೂತ.

“ಎಲ್ರೂ ಕುಂತಿರಿ, ಯಾವ ಹಡಗೂ ಹೊರಟಿಲ್ಲ,” ಎಂದ. ಆಮೇಲೆ ಅಮ್ಮನಿಗೆ, “ಬಡ್ಸು.”